ಬಿಡಿಭಾಗ ಆರಿಸಿ ಮೊದಲ ಡೆಸ್ಕ್‌ಟಾಪ್ ಕಟ್ಟುವುದು: ಸಮಗ್ರ ಮಾರ್ಗದರ್ಶಿ

ಕಂಪ್ಯೂಟರ್ ಜೋಡಿಸುವುದು ಹೆಚ್ಚೆಂದರೆ ಅರ್ಧ ದಿನದ ಕೆಲಸ. ಒಂದು ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್ ಇದ್ದರೆ ಆಯಿತು. ಕಷ್ಟವೆಲ್ಲ ಅದಕ್ಕೂ ಮೊದಲು, ಬಿಡಿಭಾಗ ಆರಿಸುವಾಗ. ಮೊದಲ ಸಲ ಕಟ್ಟುವವರು ತಂದ ಭಾಗಗಳು ಒಂದೊಂದೂ ಚೆನ್ನಾಗಿಯೇ ಇರುತ್ತವೆ, ಒಂದಕ್ಕೊಂದು ಕೂಡುವುದಿಲ್ಲ ಅಷ್ಟೇ. ಪ್ರೊಸೆಸರನ್ನು ತಂಪಾಗಿಡುವ ಕೂಲರ್ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲಿಗೆ ತಾಗುತ್ತದೆ. ಹೊಸ ಪ್ರೊಸೆಸರನ್ನು ಮದರ್‌ಬೋರ್ಡ್ ಗುರುತಿಸುವುದಿಲ್ಲ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಬಂದಿದೆ, ಅದಕ್ಕೆ ಬೇಕಾದ ಕನೆಕ್ಟರ್ ಎಲ್ಲ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಲ್ಲಿ ಇಲ್ಲ.

ಆದ್ದರಿಂದ ಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಂಡು ಎಂಟು ಸಾಲು ಬರೆಯಿರಿ: ಪ್ರೊಸೆಸರಿನ ಸಾಕೆಟ್ (ಬೋರ್ಡಿನಲ್ಲಿ ಅದು ಕೂರುವ ಜಾಗ), ರ‍್ಯಾಮ್ ಬಗೆ, ಬೋರ್ಡಿನ ಅಳತೆ, ಬೇಕಾದ ಬಯಾಸ್ (ಕಂಪ್ಯೂಟರನ್ನು ಚಾಲೂ ಮಾಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಆವೃತ್ತಿ, ಗ್ರಾಫಿಕ್ಸ್ ಕಾರ್ಡಿನ ಉದ್ದ, ಕೂಲರಿನ ಎತ್ತರ, ಒಟ್ಟು ವ್ಯಾಟ್, ಪವರ್ ಕನೆಕ್ಟರುಗಳು. ಇದನ್ನು ಹೊಂದಾಣಿಕೆ ಚೀಟಿ ಎಂದು ಕರೆಯೋಣ. ಎಂಟೂ ಸಾಲು ತುಂಬುವ ತನಕ ಒಂದು ಫ್ಯಾನನ್ನೂ ಕೊಳ್ಳಬೇಡಿ.

ಮೊದಲು ಕೆಲಸ, ಆಮೇಲೆ ಮಾನಿಟರ್

ಯಾವ ಸಾಫ್ಟ್‌ವೇರ್ ದಿನಾ ಓಡಿಸುತ್ತೀರಿ ಎಂಬುದನ್ನು ಹೆಸರು ಹಿಡಿದು ಬರೆಯಿರಿ. "ಎಲ್ಲಕ್ಕೂ ಆಗಬೇಕು" ಎಂದು ಹೊರಟರೆ ಬೇಡದ ಕಡೆ ದುಡ್ಡು ಸುರಿಯುತ್ತೀರಿ. ಬರವಣಿಗೆ, ಬ್ರೌಸರ್, ಲೆಕ್ಕಪತ್ರ, ಪ್ರೋಗ್ರಾಮಿಂಗ್ ಕಲಿಕೆ ಇಷ್ಟೇ ಆದರೆ ಬೇರೆ ಗ್ರಾಫಿಕ್ಸ್ ಕಾರ್ಡೇ ಬೇಕಿಲ್ಲ. ಆಟಕ್ಕಾದರೆ ಮಾನಿಟರ್ ಬಿಟ್ಟು ಉಳಿದ ಒಟ್ಟು ಖರ್ಚಿನ ಮೂರನೇ ಒಂದು ಭಾಗದಿಂದ ಅರ್ಧದ ತನಕ ಗ್ರಾಫಿಕ್ಸ್ ಕಾರ್ಡಿಗೇ ಹೋಗುತ್ತದೆ, ಹೋಗಬೇಕು ಕೂಡ. ವಿಡಿಯೊ ಎಡಿಟಿಂಗಿಗೆ ಪ್ರೊಸೆಸರ್, ರ‍್ಯಾಮ್, ವೇಗದ ಎಸ್‌ಎಸ್‌ಡಿ ಮೂರೂ ಸಮತೂಕದಲ್ಲಿ ಇರಬೇಕಾಗುತ್ತದೆ.

ಆಟ ಆಡುವವರು ಮಾನಿಟರನ್ನು ಕೊನೆಗೆ ಆರಿಸುವುದು ತಲೆಕೆಳಗಾದ ಕ್ರಮ. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 2560×1440ರಲ್ಲಿ ಸುಮಾರು 36.9 ಲಕ್ಷ, 3840×2160ರಲ್ಲಿ ಸುಮಾರು 82.9 ಲಕ್ಷ. ಅಂದರೆ 4ಕೆ ಪರದೆಗೆ ಪ್ರತಿ ಫ್ರೇಮಿನಲ್ಲೂ 1080ಪಿಯ ನಾಲ್ಕು ಪಟ್ಟು ಬಿಂದುಗಳನ್ನು ಕಾರ್ಡ್ ಬಿಡಿಸಬೇಕು. ಪರದೆ ಯಾವುದು ಎಂದು ನಿಶ್ಚಯವಾದರೆ ಕಾರ್ಡಿನ ಮಟ್ಟ ತಾನಾಗಿ ಗೊತ್ತಾಗುತ್ತದೆ. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ 60 ಹರ್ಟ್ಸ್ ಮಾನಿಟರಿಗೆ ಸೆಕೆಂಡಿಗೆ 150 ಫ್ರೇಮ್ ಕೊಡುವ ಕಾರ್ಡ್ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಫ್ರೇಮ್ ಪರದೆಯ ಮೇಲೆ ಬರುವುದೇ ಇಲ್ಲ.

ಪ್ರೊಸೆಸರ್: ಹೆಸರಿನ ಕೊನೆಯ ಅಕ್ಷರ ಓದಿ

ಈಗ ಹೊಸದಾಗಿ ಸಿಗುವ ಪ್ರೊಸೆಸರುಗಳು ಮುಖ್ಯವಾಗಿ ನಾಲ್ಕು ಸಾಕೆಟ್‌ಗಳಿಗೆ ಸೇರಿದವು. ಎಎಮ್‌ಡಿಯಲ್ಲಿ ಹಳೆಯದು ಎಎಂ4, 2022ರಲ್ಲಿ ಬಂದದ್ದು ಎಎಂ5. ಇಂಟೆಲ್‌ನಲ್ಲಿ 12, 13, 14ನೇ ಪೀಳಿಗೆಗಳಿಗೆ ಎಲ್‌ಜಿಎ1700, 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ1851. ಒಂದರ ಪ್ರೊಸೆಸರ್ ಇನ್ನೊಂದರ ಬೋರ್ಡಿನಲ್ಲಿ ಕೂರುವುದೇ ಇಲ್ಲ. ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ಆಸೆ ಇದ್ದರೆ ಎಎಂ5 ಮೇಲು: 7000, 8000, 9000 ಮೂರೂ ಡೆಸ್ಕ್‌ಟಾಪ್ ಸರಣಿಗಳು ಅದೇ ಸಾಕೆಟ್ಟಿಗೆ ಬಂದಿವೆ. ಎಎಂ4 ಈಗಲೂ ಅಗ್ಗದ ದಾರಿ, ಆದರೆ ಆ ದಾರಿ ಅಲ್ಲಿಗೇ ಮುಗಿಯುತ್ತದೆ. ತಿಳಿದು ಆರಿಸಿಕೊಂಡರೆ ತಪ್ಪೇನಿಲ್ಲ.

ಹೆಸರಿನ ಕೊನೆಯಲ್ಲಿರುವ ಅಕ್ಷರಕ್ಕೆ ಕಣ್ಣು ಕೊಡಿ. ಇಂಟೆಲ್‌ನ 12400ಎಫ್‌ನಂಥದರಲ್ಲಿ "ಎಫ್" ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ, ಭಾಗ ಕೆಟ್ಟಿದೆ ಎಂದು ವಾಪಸು ಒಯ್ಯುವವರು ಬಹಳ ಮಂದಿ. "ಕೆ" ಇದ್ದರೆ ಓವರ್‌ಕ್ಲಾಕ್ ಮಾಡಬಹುದು, ಅಂದರೆ ನಿಗದಿಗಿಂತ ಹೆಚ್ಚಿನ ವೇಗದಲ್ಲಿ ಓಡಿಸಬಹುದು, ಅದಕ್ಕೆ ಝಡ್ ಸರಣಿಯ ಬೋರ್ಡ್ ಬೇಕು, ದೊಡ್ಡ ಕೂಲರ್ ಬೇಕು. ಮೊದಲ ಕಂಪ್ಯೂಟರಿಗೆ ಈ ಗೋಜು ಬೇಡ. ಎಎಮ್‌ಡಿಯಲ್ಲಿ "ಜಿ" ಇದ್ದರೆ ಒಳಗಿನ ಗ್ರಾಫಿಕ್ಸ್ ಗಟ್ಟಿ, ಕಾರ್ಡಿಲ್ಲದೆ ಹಗುರ ಆಟಗಳನ್ನೂ ಆಡಬಹುದು. ಆದರೆ 8500ಜಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಸಿಗುವುದು ನಾಲ್ಕೇ ಪಿಸಿಐಇ ಲೇನ್ (ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ಮಾಹಿತಿಯ ದಾರಿ), 8600ಜಿಯಲ್ಲಿ ಎಂಟು. ಮುಂದೆ ದೊಡ್ಡ ಕಾರ್ಡ್ ಹಾಕುವ ಯೋಚನೆ ಇರುವವರು ಇದನ್ನು ಮರೆಯಬಾರದು. ಸಾದಾ ರೈಜೆನ್ 5 7600ರಲ್ಲೂ ಚಿಕ್ಕ ಗ್ರಾಫಿಕ್ಸ್ ಇದೆ. ಆಟಕ್ಕೆ ಸಾಲದು, ಕಾರ್ಡ್ ಕೆಟ್ಟ ದಿನ ಕೆಲಸ ನಿಲ್ಲದಂತೆ ಕಾಯುತ್ತದೆ. "ಎಕ್ಸ್3ಡಿ" ಎಂದರೆ ಕ್ಯಾಶೆ (ಪ್ರೊಸೆಸರಿನ ಒಳಗಿನ ಅತಿ ವೇಗದ ಮೆಮೊರಿ) ಹೆಚ್ಚು: 7700ಎಕ್ಸ್‌ನಲ್ಲಿ 32 ಎಂಬಿ ಎಲ್3 ಇದ್ದರೆ 7800ಎಕ್ಸ್3ಡಿಯಲ್ಲಿ 96 ಎಂಬಿ. ಆಟಗಳಿಗೆ ಇದರಿಂದ ಬಹಳ ಲಾಭ, ಎಕ್ಸೆಲ್ ಶೀಟಿಗೆ ಏನೂ ಇಲ್ಲ.

ಡಬ್ಬದ ಮೇಲಿನ 65 ವ್ಯಾಟ್ ಎಂಬ ಅಂಕಿಯನ್ನು ನಂಬಿ ಲೆಕ್ಕ ಹಾಕಬೇಡಿ. ಇಂಟೆಲ್ 12400 ಪೂರ್ತಿ ಹೊರೆಯಲ್ಲಿ 117 ವ್ಯಾಟ್ ತನಕ ಎಳೆಯಬಹುದು, 14900ಕೆ 253 ವ್ಯಾಟ್ ತನಕ. ರೈಜೆನ್‌ನಲ್ಲಿ 65 ವ್ಯಾಟಿನದು 88 ವ್ಯಾಟ್, 105 ವ್ಯಾಟಿನದು 142 ವ್ಯಾಟ್ ತೆಗೆದುಕೊಳ್ಳುತ್ತದೆ. ಚೀಟಿಯಲ್ಲಿ ಬರೆಯಬೇಕಾದದ್ದು ಈ ಎರಡನೆಯ ಅಂಕಿ.

ಇಂಟೆಲ್‌ನ 13, 14ನೇ ಪೀಳಿಗೆ ಆರಿಸುವವರಿಗೆ ಇನ್ನೊಂದು ಮಾತು. ಅವುಗಳಲ್ಲಿ ಹಲವು ಮಾದರಿಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜಿನಿಂದ ಕಾಲಕ್ರಮೇಣ ಹಾಳಾಗುತ್ತಿದ್ದವು. 2024ರಲ್ಲಿ ಇಂಟೆಲ್ ಇದಕ್ಕೆ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳು) ಪರಿಹಾರ ಬಿಡುಗಡೆ ಮಾಡಿತು, ಅದು ಬಯಾಸ್ ಅಪ್‌ಡೇಟ್ ಮೂಲಕ ಬರುತ್ತದೆ. ಜೋಡಿಸಿದ ಮೊದಲ ದಿನವೇ ಬಯಾಸ್ ಹೊಸದು ಮಾಡಿ. ಆಗಿರುವ ಹಾನಿಯನ್ನು ಆ ಅಪ್‌ಡೇಟ್ ಸರಿಪಡಿಸುವುದಿಲ್ಲವಾದ್ದರಿಂದ ಈ ಪೀಳಿಗೆಯ ಬಳಸಿದ ಕೆ-ಪ್ರೊಸೆಸರನ್ನು ಕೊಳ್ಳದಿರುವುದೇ ಲೇಸು.

ಗ್ರಾಫಿಕ್ಸ್ ಕಾರ್ಡ್

ಕಾರ್ಡಿನ ಹೆಸರಿಗಿಂತ ಅದರ ಮೆಮೊರಿಯನ್ನು ಮೊದಲು ನೋಡಿ. ಆರ್‌ಟಿಎಕ್ಸ್ 4060 ಟಿಐ ಎಂಬ ಒಂದೇ ಹೆಸರಿನಲ್ಲಿ 8 ಜಿಬಿ, 16 ಜಿಬಿ ಎರಡೂ ಇವೆ. 8 ಜಿಬಿ ಈಗ 1080ಪಿಗೆ ಕನಿಷ್ಠ. ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟ ಏರಿಸಿದರೆ ಹೊಸ ಆಟಗಳಲ್ಲಿ ಅದೂ ತುಂಬಿಹೋಗುತ್ತದೆ. ತುಂಬಿದಾಗ ಸರಾಸರಿ ಫ್ರೇಮ್ ಚೆನ್ನಾಗಿಯೇ ಕಾಣುತ್ತದೆ, ನಡುನಡುವೆ ತಡವರಿಸುತ್ತದೆ. 1440ಪಿಗೆ 12 ಜಿಬಿ, 4ಕೆಗೆ 16 ಜಿಬಿ ಇಟ್ಟುಕೊಂಡರೆ ಒಳ್ಳೆಯದು. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ರೆಂಡರಿಂಗ್, ಮನೆಯಲ್ಲೇ ಎಐ ಮಾದರಿ ಓಡಿಸುವುದು ಇಂಥ ಕೆಲಸಗಳಿಗೆ ಎನ್ವಿಡಿಯಾದ ಸಿಯುಡಿಎ (CUDA) ತಂತ್ರಜ್ಞಾನಕ್ಕೆ ಬೆಂಬಲ ಹೆಚ್ಚು ಸಾಫ್ಟ್‌ವೇರುಗಳಲ್ಲಿ ಇದೆ. ಬರೀ ಆಟಕ್ಕಾದರೆ ಅದೇ ಬೆಲೆಗೆ ಎಎಮ್‌ಡಿ ಏನು ಕೊಡುತ್ತದೆ ಎಂದು ಹೋಲಿಸಿ ನೋಡಿ.

ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600ರಂಥ ಕಾರ್ಡುಗಳು 16 ಲೇನಿನ ಸ್ಲಾಟಿನಲ್ಲಿ ಕೂತರೂ ಬಳಸುವುದು ಎಂಟೇ ಲೇನ್. ಹೊಸ ಬೋರ್ಡಿನಲ್ಲಿ ತೊಂದರೆ ಇಲ್ಲ. ಪಿಸಿಐಇ 3.0 ಮಾತ್ರ ಇರುವ ಹಳೆಯ ಬೋರ್ಡಿನಲ್ಲಿ, ಅದರಲ್ಲೂ ಕಾರ್ಡಿನ ಮೆಮೊರಿ ತುಂಬಿದಾಗ, ವೇಗ ಇಳಿಯುತ್ತದೆ.

ಒಂದೇ ಚಿಪ್ಪಿನ ಕಾರ್ಡನ್ನು ಹಲವು ತಯಾರಕರು ಎರಡು ಫ್ಯಾನಿನದು, ಮೂರು ಫ್ಯಾನಿನದು ಎಂದು ಬೇರೆಬೇರೆ ಉದ್ದದಲ್ಲಿ ಮಾಡುತ್ತಾರೆ. ನೀವು ಕೊಳ್ಳುವ ಆ ಮಾದರಿಯದ್ದೇ ಉದ್ದ, ದಪ್ಪ, ಕನೆಕ್ಟರ್, ತಯಾರಕರು ಸೂಚಿಸಿದ ಎಸ್‌ಎಂಪಿಎಸ್ ವ್ಯಾಟ್ ಇಷ್ಟನ್ನು ಚೀಟಿಗೆ ಇಳಿಸಿ.

ಮದರ್‌ಬೋರ್ಡ್: ಸಣ್ಣ ಅಕ್ಷರಗಳಲ್ಲಿ ಇರುವುದೆಲ್ಲ ಇಲ್ಲಿ ಮುಖ್ಯ

ಪ್ರೊಸೆಸರ್ ಗೊತ್ತಾದ ಮೇಲೆ ಸಾಕೆಟ್ ಗೊತ್ತು. ಉಳಿದದ್ದು ಚಿಪ್‌ಸೆಟ್, ಅಂದರೆ ಬೋರ್ಡಿನಲ್ಲಿ ಏನೇನು ಸೌಲಭ್ಯ ಇರುತ್ತದೆ ಎಂದು ನಿರ್ಧರಿಸುವ ಚಿಪ್. ಇಂಟೆಲ್‌ನ ಎಚ್610 ಅಗ್ಗ, ಆದರೆ ರ‍್ಯಾಮ್ ವೇಗ ಏರಿಸಲು ಬಿಡುವುದಿಲ್ಲ, ರ‍್ಯಾಮ್ ಸ್ಲಾಟ್ ಎರಡೇ. ಬಿ760ರಲ್ಲಿ ರ‍್ಯಾಮ್ ವೇಗ ಏರಿಸಬಹುದು, ಝಡ್790ರಲ್ಲಿ ಪ್ರೊಸೆಸರನ್ನೂ. ಎಎಂ5ರಲ್ಲಿ ಎ620 ಸರಳ ಬಳಕೆಗೆ, ಬಿ650 ಬಹುತೇಕ ಎಲ್ಲರಿಗೂ ಸಾಕು. ಎಕ್ಸ್670ರ ಹೆಚ್ಚುವರಿ ಪೋರ್ಟುಗಳು ನಿಮಗೆ ನಿಜವಾಗಿ ಬೇಕೇ ಎಂದು ಎಣಿಸಿ ನೋಡಿದ ಮೇಲೆ ಮಾತ್ರ ಆ ಕಡೆ ಹೋಗಿ.

ಎಲ್‌ಜಿಎ1700 ಬೋರ್ಡುಗಳಲ್ಲಿ ಕೆಲವು ಡಿಡಿಆರ್4, ಕೆಲವು ಡಿಡಿಆರ್5. ಹೆಸರಿನಲ್ಲಿ "ಡಿ4" ಎಂಬಷ್ಟೇ ವ್ಯತ್ಯಾಸ ಇರುತ್ತದೆ, ಆತುರದಲ್ಲಿ ಕಣ್ಣು ತಪ್ಪುತ್ತದೆ. ಎರಡು ಬಗೆಯ ರ‍್ಯಾಮಿನ ಕಚ್ಚು ಬೇರೆ ಜಾಗದಲ್ಲಿ ಇರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಎಎಂ5, ಎಲ್‌ಜಿಎ1851 ಎರಡಕ್ಕೂ ಡಿಡಿಆರ್5 ಮಾತ್ರ.

ಅಳತೆಗಳಲ್ಲಿ ಎಟಿಎಕ್ಸ್ ಎಂದರೆ 305×244 ಮಿ.ಮೀ., ಮೈಕ್ರೋ ಎಟಿಎಕ್ಸ್ 244×244ರ ತನಕ, ಮಿನಿ ಐಟಿಎಕ್ಸ್ 170×170. ಮೊದಲ ಸಲಕ್ಕೆ ಮೈಕ್ರೋ ಎಟಿಎಕ್ಸ್ ಹದವಾದದ್ದು. ಮಿನಿ ಐಟಿಎಕ್ಸ್ ನೋಡಲು ಮುದ್ದು, ಆದರೆ ಕೈ ತೂರಿಸಲು ಜಾಗವಿಲ್ಲದೆ ಕೇಬಲ್ ಸಿಕ್ಕಿಸುವುದೇ ಹೋರಾಟ. ಇನ್ನೊಂದು ಜೋಡಣೆಯ ಅನುಭವ ಆಗಲಿ, ಆಮೇಲೆ ಅದಕ್ಕೆ ಕೈ ಹಾಕಿ.

ಹೆಚ್ಚು ಗಮನ ಬೇಕಾದದ್ದು ಬಯಾಸ್ ವಿಷಯ. ಬೋರ್ಡ್ ಕಾರ್ಖಾನೆಯಿಂದ ಹೊರಟಾಗ ಇನ್ನೂ ಹುಟ್ಟದಿದ್ದ ಪ್ರೊಸೆಸರನ್ನು ಅದು ಗುರುತಿಸಲಾರದು. ಬಹಳ ದಿನ ಅಂಗಡಿಯಲ್ಲಿ ಕೂತ ಬಿ650 ಬೋರ್ಡಿಗೆ 2024ರಲ್ಲಿ ಬಂದ ರೈಜೆನ್ 9000 ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ಬೋರ್ಡ್ ತಯಾರಕರ ಬೆಂಬಲ ಪುಟದಲ್ಲಿ ಪ್ರತಿ ಪ್ರೊಸೆಸರಿನ ಎದುರು "ಈ ಬಯಾಸ್ ಆವೃತ್ತಿಯಿಂದ" ಎಂದು ಬರೆದಿರುತ್ತದೆ. ಆ ಅಂಕಿ ಚೀಟಿಗೆ ಹೋಗಲಿ. ಜೊತೆಗೆ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡನ್ನೇ ಹುಡುಕಿ: ಫ್ಯಾಟ್32 ಫಾರ್ಮ್ಯಾಟಿನ ಪೆನ್‌ಡ್ರೈವಿಗೆ ಫೈಲ್ ಹಾಕಿ, ಕೈಪಿಡಿ ಹೇಳುವ ಹೆಸರಿಟ್ಟು, ಗುರುತು ಮಾಡಿದ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿ ಬಟನ್ ಒತ್ತಿದರೆ ಪ್ರೊಸೆಸರ್ ಇಲ್ಲದೆಯೂ ಬಯಾಸ್ ಹೊಸದಾಗುತ್ತದೆ. ಸಾಧಾರಣವಾಗಿ ಎಲ್ಲರೂ ಎಡವುವುದು ಫೈಲಿನ ಹೆಸರಿನಲ್ಲಿ ಮತ್ತು ಪೋರ್ಟಿನಲ್ಲಿ.

ಪ್ರೊಸೆಸರಿಗೆ ವಿದ್ಯುತ್ ಹದಮಾಡಿ ಕೊಡುವ ವಿಆರ್‌ಎಂ ಭಾಗದ ಮೇಲೆ ಲೋಹದ ಹೀಟ್‌ಸಿಂಕ್ ಇದೆಯೇ ನೋಡಿ. ಬರಿದಾದ ವಿಆರ್‌ಎಂ ಮೇಲೆ 150 ವ್ಯಾಟಿನ ಪ್ರೊಸೆಸರ್ ಓಡಿಸಿದರೆ ಅದು ಕಾದು, ಪ್ರೊಸೆಸರಿನ ವೇಗವನ್ನು ತಾನೇ ಇಳಿಸುತ್ತದೆ. ವೈಫೈ ಬೇಕಿದ್ದರೆ ಬೋರ್ಡಿನಲ್ಲಿ ಇದೆಯೇ, ಕ್ಯಾಬಿನೆಟ್ಟಿನ ಮುಂದಿನ ಟೈಪ್-ಸಿ ಪೋರ್ಟಿಗೆ ಬೋರ್ಡಿನಲ್ಲಿ ಹೆಡರ್ (ಕೇಬಲ್ ಸಿಕ್ಕಿಸುವ ಪಿನ್ನುಗಳ ಗುಂಪು) ಇದೆಯೇ, ಫ್ಯಾನ್ ಹೆಡರ್ ಎಷ್ಟು ಎಂಬುದನ್ನೂ ಈಗಲೇ ಎಣಿಸಿಬಿಡಿ.

ರ‍್ಯಾಮ್

ಒಂದೇ ಕಡ್ಡಿ ಬೇಡ, ಒಂದೇ ಡಬ್ಬದಲ್ಲಿ ಬರುವ ಎರಡು ಕಡ್ಡಿಗಳ ಜೋಡಿ ಕೊಳ್ಳಿ. ಎರಡು ಚಾನೆಲ್ ಕೂಡಿ ಓಡುತ್ತವೆ. ಒಳಗಿನ ಗ್ರಾಫಿಕ್ಸ್ ಬಳಸುವವರಿಗಂತೂ ಇದರ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇರುತ್ತದೆ, ಏಕೆಂದರೆ ಆ ಗ್ರಾಫಿಕ್ಸಿಗೆ ಮೆಮೊರಿಯೂ ಇದೇ. ಕಚೇರಿ ಕೆಲಸಕ್ಕೆ 8 ಜಿಬಿಯ ಎರಡು, ಆಟಕ್ಕೆ ಮತ್ತು ಎಡಿಟಿಂಗಿಗೆ 16 ಜಿಬಿಯ ಎರಡು. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದು, ನಾಲ್ಕನೆಯದು ತುಂಬಿ. "ಇನ್ನೆರಡು ಆಮೇಲೆ ಹಾಕೋಣ" ಎಂಬ ಹಳೆಯ ರೂಢಿ ಡಿಡಿಆರ್5ಕ್ಕೆ ಒಗ್ಗುವುದಿಲ್ಲ: ನಾಲ್ಕು ಕಡ್ಡಿ ಹಾಕಿದರೆ ವೇಗ ಬಹಳ ಇಳಿಯುತ್ತದೆ, ಕೆಲವೊಮ್ಮೆ ಸ್ಥಿರವಾಗಿ ಓಡುವುದೂ ಇಲ್ಲ. ಬೇಕಾದಷ್ಟನ್ನು ಎರಡರಲ್ಲೇ ಕೊಳ್ಳಿ.

ಎಎಂ5ಕ್ಕೆ 6000 ವೇಗದ, ಸಿಎಲ್30 (ಉತ್ತರ ಕೊಡಲು ಆಗುವ ತಡದ ಅಳತೆ) ಅಥವಾ ಅದರ ಆಸುಪಾಸಿನ, ಎಕ್ಸ್‌ಪೋ ಎಂಬ ಸಿದ್ಧ ವೇಗದ ಹೊಂದಿಕೆ ಇರುವ ಜೋಡಿ ಹದವಾದ ಆಯ್ಕೆ. ಆದರೆ ಆ ವೇಗ ತಾನಾಗಿ ಬರುವುದಿಲ್ಲ. ಬಯಾಸ್‌ಗೆ ಹೋಗಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ (ಇಂಟೆಲ್‌ನಲ್ಲಿ ಅಂಥ ಹೊಂದಿಕೆಯ ಹೆಸರು) ಚಾಲೂ ಮಾಡದಿದ್ದರೆ 4800ರಂಥ ಮೂಲ ವೇಗದಲ್ಲೇ ಓಡುತ್ತಿರುತ್ತದೆ, ಕೊಟ್ಟ ಹೆಚ್ಚಿನ ಹಣ ಸುಮ್ಮನೆ ಕೂತಿರುತ್ತದೆ.

ಎಸ್‌ಎಸ್‌ಡಿ

ಇದು ಸುಲಭದ ಭಾಗ. ಬೋರ್ಡಿಗೇ ನೇರವಾಗಿ ಸಿಕ್ಕಿಸುವ ಎಂ.2 2280 ಅಳತೆಯ ಎನ್‌ವಿಎಂಇ (ಪಿಸಿಐಇ ದಾರಿಯಲ್ಲಿ ಓಡುವ ಬಗೆ), ಜೆನ್ 4 (ಪಿಸಿಐಇಯ ನಾಲ್ಕನೇ ಪೀಳಿಗೆ), 1 ಟಿಬಿ, ಟಿಎಲ್‌ಸಿ ಮೆಮೊರಿ ಇರುವುದನ್ನು ಆರಿಸಿ. ಹಳೆಯ ಸಾಟಾ ಬಗೆಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ ಜೆನ್ 3 ಸುಮಾರು 3500, ಜೆನ್ 4 ಸುಮಾರು 7000 ತನಕ ಓದುತ್ತದೆ. ಜೆನ್ 5 ಇನ್ನೂ ವೇಗ, ಆದರೆ ಬಿಸಿ ಹೆಚ್ಚು, ದಿನದ ಬಳಕೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಟಿಎಲ್‌ಸಿ ಬದಲು ಕ್ಯೂಎಲ್‌ಸಿ ಮೆಮೊರಿ ಇರುವ ಡ್ರೈವ್ ಅಗ್ಗ. ದೊಡ್ಡ ಫೈಲ್ ಬರೆಯುತ್ತ ಹೋದಂತೆ ಅದರ ಕ್ಯಾಶೆ ತುಂಬಿ ವೇಗ ಕುಸಿಯುತ್ತದೆ, ಆದ್ದರಿಂದ ಎಡಿಟಿಂಗ್ ಮಾಡುವವರು ದೂರ ಇಡಿ. ಎಂ.2 ಆಕಾರ ಇದ್ದ ಮಾತ್ರಕ್ಕೆ ಎನ್‌ವಿಎಂಇ ಆಗುವುದಿಲ್ಲ, ಸಾಟಾ ಡ್ರೈವುಗಳೂ ಅದೇ ಆಕಾರದಲ್ಲಿ ಬರುತ್ತವೆ. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ. ಕೈಪಿಡಿಯಲ್ಲಿ ಒಂದೇ ಸಾಲಿನಲ್ಲಿ ಬರೆದಿರುತ್ತದೆ, ಹುಡುಕಿ ಓದಿ.

ಎಸ್‌ಎಂಪಿಎಸ್: ಉಳಿಸಬಾರದ ಜಾಗ

ಉಳಿದ ಚಿಲ್ಲರೆಯಲ್ಲಿ ಎಸ್‌ಎಂಪಿಎಸ್ ಕೊಳ್ಳುವ ಅಭ್ಯಾಸ ಇದೆ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದದ್ದನ್ನೇ ಬಳಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೇರೆ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಅದೊಂದೇ ಹೋಗುತ್ತದೆ. ಕಳಪೆ ಎಸ್‌ಎಂಪಿಎಸ್ ಹೋಗುವಾಗ ಬೋರ್ಡ್, ಡ್ರೈವ್, ಕಾರ್ಡ್ ಯಾವುದನ್ನಾದರೂ ಜೊತೆಗೆ ಕರೆದುಕೊಂಡು ಹೋಗಬಹುದು.

ಲೆಕ್ಕ ಸುಲಭ. ಪ್ರೊಸೆಸರಿನ ಗರಿಷ್ಠ ವ್ಯಾಟ್, ಕಾರ್ಡಿನ ವ್ಯಾಟ್, ಉಳಿದ ಬೋರ್ಡ್, ರ‍್ಯಾಮ್, ಡ್ರೈವ್, ಫ್ಯಾನುಗಳಿಗೆ 60 ವ್ಯಾಟ್ ಕೂಡಿಸಿ. ಬಂದದ್ದನ್ನು ಒಂದೂವರೆ ಪಟ್ಟು ಮಾಡಿ, ಸಿಗುವ ಮುಂದಿನ ಅಳತೆ ಕೊಳ್ಳಿ. ಒಂದೂವರೆ ಏಕೆಂದರೆ ಹೊಸ ಗ್ರಾಫಿಕ್ಸ್ ಕಾರ್ಡುಗಳು ಕೆಲವು ಮಿಲಿಸೆಕೆಂಡು ಹೊತ್ತು ತಮ್ಮ ಅಂಕಿಗಿಂತ ಬಹಳ ಹೆಚ್ಚು ಎಳೆಯುತ್ತವೆ. ಬಿಗಿಯಾಗಿ ಲೆಕ್ಕ ಹಾಕಿದ ಎಸ್‌ಎಂಪಿಎಸ್ ಆ ಕ್ಷಣದಲ್ಲಿ ತನ್ನನ್ನು ರಕ್ಷಿಸಿಕೊಳ್ಳಲು ಆಫ್ ಆಗುತ್ತದೆ. ಆಟದ ನಡುವೆ ಕಂಪ್ಯೂಟರ್ ಧಡಕ್ಕನೆ ಆರಿಹೋದರೆ ಮೊದಲ ಅನುಮಾನ ಇದರ ಮೇಲಿರಲಿ. 750 ವ್ಯಾಟಿನದು ಯಾವಾಗಲೂ 750 ಎಳೆಯುತ್ತದೆ ಎಂಬ ಭಯ ಬೇಡ, ಭಾಗಗಳು ಕೇಳಿದಷ್ಟನ್ನೇ ಅದು ಕೊಡುತ್ತದೆ.

80 ಪ್ಲಸ್ ಗುರುತು ಹೇಳುವುದು ದಕ್ಷತೆಯನ್ನು ಮಾತ್ರ. 400 ವ್ಯಾಟ್ ಕೊಡುವಾಗ 90 ಶೇಕಡಾ ದಕ್ಷತೆಯಿದ್ದರೆ ಗೋಡೆಯಿಂದ ಸುಮಾರು 444 ವ್ಯಾಟ್ ಎಳೆದು ಉಳಿದದ್ದನ್ನು ಶಾಖವಾಗಿ ಬಿಡುತ್ತದೆ. ವೋಲ್ಟೇಜ್ ಎಷ್ಟು ಸ್ಥಿರ, ರಕ್ಷಣಾ ಸರ್ಕ್ಯೂಟುಗಳು ಕೆಲಸ ಮಾಡುತ್ತವೆಯೇ ಎಂಬುದನ್ನು ಆ ಗುರುತು ಹೇಳದು. ಆ ಮಾದರಿಯನ್ನು ಉಪಕರಣ ಇಟ್ಟು ಪರೀಕ್ಷಿಸಿದ ವಿಮರ್ಶೆ ಓದಿ, ವಾರಂಟಿ ಎಷ್ಟು ವರ್ಷ ಎಂದು ನೋಡಿ. ಕನಿಷ್ಠ ಐದು ವರ್ಷ ಕೊಡದ ತಯಾರಕರಿಗೆ ತಮ್ಮ ಮಾಲಿನ ಮೇಲೇ ಭರವಸೆ ಇಲ್ಲ ಎಂದು ತಿಳಿಯಬಹುದು.

ಕನೆಕ್ಟರ್ ಎಣಿಸಿ. ಬೋರ್ಡಿಗೆ 24 ಪಿನ್ನಿನದು, ಪ್ರೊಸೆಸರಿಗೆ 4+4ರ ಎಂಟು ಪಿನ್, ಕಾರ್ಡಿಗೆ 6+2ರ ಎಂಟು ಪಿನ್. ಈ ಎರಡು ಎಂಟು ಪಿನ್ನುಗಳು ನೋಡಲು ಒಂದೇ ಥರ, ಆದರೆ ಧನ-ಋಣ ಅದಲುಬದಲು. ಸರಾಗವಾಗಿ ಕೂರದಿದ್ದರೆ ಒತ್ತಬೇಡಿ. ಕಾರ್ಡಿಗೆ ಸ್ಲಾಟಿನಿಂದ 75 ವ್ಯಾಟ್, ಪ್ರತಿ ಎಂಟು ಪಿನ್ನಿನಿಂದ 150 ವ್ಯಾಟ್ ಸಿಗುತ್ತದೆ. ಎರಡು ಎಂಟು ಪಿನ್ ಕೇಳುವ ಕಾರ್ಡಿಗೆ ಎರಡು ಬೇರೆ ಕೇಬಲ್ ಎಳೆಯಿರಿ, ಒಂದೇ ಕೇಬಲ್ಲಿನ ಕವಲನ್ನು ಬಳಸಬೇಡಿ. ಹೊಸ 12ವಿ-2x6 ಕನೆಕ್ಟರ್ ಒಂದರಲ್ಲೇ 600 ವ್ಯಾಟ್ ತನಕ ಹರಿಯುತ್ತದೆ. ಅದು ಪೂರ್ತಿ ಒಳಗೆ ಕೂರದಿದ್ದರೆ ಕಾದು ಕರಗಬಹುದು, 2022ರಲ್ಲಿ ಆರ್‌ಟಿಎಕ್ಸ್ 4090 ಬಂದಾಗ ಇದರ ಹಿಂದಿನ ರೂಪದಲ್ಲಿ ಅಂಥ ಪ್ರಕರಣಗಳು ಕಂಡವು. ಅಂಚಿನ ಸಂದು ಮುಚ್ಚುವ ತನಕ ಒತ್ತಿ, ಮೂರು ನಾಲ್ಕು ಸೆಂ.ಮೀ. ನೇರವಾಗಿ ಬಿಟ್ಟ ಮೇಲೇ ಕೇಬಲ್ ಬಗ್ಗಿಸಿ.

ಯುಪಿಎಸ್ ಬಳಸುವವರು ಅದರ ವಿಎ ಅಂಕಿಯ ಬದಲು ವ್ಯಾಟ್ ಅಂಕಿ ನೋಡಬೇಕು. ವಿಎ ಸಾಮಾನ್ಯವಾಗಿ ದೊಡ್ಡದಾಗಿ ಕಾಣುತ್ತದೆ.

ಕೂಲರ್, ಕ್ಯಾಬಿನೆಟ್

65 ವ್ಯಾಟಿನ ಪ್ರೊಸೆಸರುಗಳ ಜೊತೆ ಹೆಚ್ಚಾಗಿ ಕೂಲರ್ ಬರುತ್ತದೆ. ಸದ್ದು ತುಸು ಹೆಚ್ಚಾದರೂ ಕೆಲಸ ಆಗುತ್ತದೆ. ಹೆಸರಲ್ಲಿ ಕೆ ಇದ್ದರೆ ಅಥವಾ 7600ಎಕ್ಸ್‌ನಂಥದಾದರೆ ಬೇರೆ ಕೊಳ್ಳಲೇಬೇಕು. 120 ಮಿ.ಮೀ. ಫ್ಯಾನಿನ ಟವರ್ ಕೂಲರ್ 150ರಿಂದ 160 ಮಿ.ಮೀ. ಎತ್ತರ ಇರುತ್ತದೆ. ಕ್ಯಾಬಿನೆಟ್ಟಿನ ವಿವರದಲ್ಲಿ "ಕೂಲರ್ ಎತ್ತರ" ಎಂಬ ಅಂಕಿ ಅದಕ್ಕಿಂತ ಐದು ಮಿ.ಮೀ. ಆದರೂ ಹೆಚ್ಚಿರಲಿ. ರ‍್ಯಾಮಿನ ಮೇಲೆ ಎತ್ತರದ ಅಲಂಕಾರ ಇದ್ದರೆ ಫ್ಯಾನ್ ಅದಕ್ಕೆ ತಾಗುತ್ತದೆ. ಹಳೆಯ ಎಲ್‌ಜಿಎ1200 ಕೂಲರಿನ ತೂತುಗಳು ಎಲ್‌ಜಿಎ1700ಕ್ಕೆ ಹೊಂದುವುದಿಲ್ಲ, ಹೊಸ ಬ್ರಾಕೆಟ್ ಬೇಕು. ಎಎಂ4ಕ್ಕೆ ಬೋರ್ಡಿನದೇ ಹಿಂಬದಿ ಪಟ್ಟಿಗೆ ಸ್ಕ್ರೂ ಹಾಕುವ ಕೂಲರುಗಳು ಬಹುಪಾಲು ಎಎಂ5ಕ್ಕೂ ಕೂರುತ್ತವೆ.

ಕ್ಯಾಬಿನೆಟ್ಟಿನ ಮುಂಭಾಗ ಜಾಲರಿಯದ್ದಾಗಿರಲಿ. ಮುಂದೆ ಗಾಜು ಮುಚ್ಚಿ, ಒಳಗೆ ಮೂರು ಬಣ್ಣದ ಫ್ಯಾನ್ ಇಟ್ಟರೆ ಅವು ಬರೀ ಗಾಜನ್ನು ಎಳೆಯುತ್ತಿರುತ್ತವೆ. ಮುಂದಿನಿಂದ ಎರಡು ಫ್ಯಾನ್ ಒಳಗೆ, ಹಿಂದಿನಿಂದ ಒಂದು ಹೊರಗೆ, ಬಹುತೇಕರಿಗೆ ಇಷ್ಟು ಸಾಕು. ಕಾರ್ಡಿನ ಉದ್ದಕ್ಕೆ ಮುಂದಿನ ಫ್ಯಾನಿನ 25 ಮಿ.ಮೀ. ದಪ್ಪವನ್ನೂ ಸೇರಿಸಿ ಲೆಕ್ಕ ಹಾಕಿ. ಬಣ್ಣದ ದೀಪ ಬೇಕೆನ್ನುವವರು ಒಂದನ್ನು ನೆನಪಿಡಿ: ಮೂರು ಪಿನ್ನಿನದು 5 ವೋಲ್ಟ್, ನಾಲ್ಕು ಪಿನ್ನಿನದು 12 ವೋಲ್ಟ್. 5ರ ಪಟ್ಟಿಯನ್ನು 12ರ ಹೆಡರಿಗೆ ಬಲವಂತವಾಗಿ ಸಿಕ್ಕಿಸಿದರೆ ಆ ಕ್ಷಣವೇ ಸುಡುತ್ತದೆ.

ತುಂಬಿದ ಚೀಟಿ ಹೀಗಿರುತ್ತದೆ

1080ಪಿ ಆಟಕ್ಕೆ ರೈಜೆನ್ 5 7600, ಆರ್‌ಎಕ್ಸ್ 7600 ಆರಿಸಿದಿರಿ ಎನ್ನೋಣ. ಸಾಕೆಟ್ ಎಎಂ5. ರ‍್ಯಾಮ್ ಡಿಡಿಆರ್5, 16ರ ಎರಡು. ಬೋರ್ಡ್ ಬಿ650, ಮೈಕ್ರೋ ಎಟಿಎಕ್ಸ್. ಪ್ರೊಸೆಸರ್, ಚಿಪ್‌ಸೆಟ್ ಒಂದೇ ಕಾಲದವಾದ್ದರಿಂದ ಬಯಾಸ್ ತೊಡಕು ಬರುವುದು ಅಪರೂಪ, ಆದರೂ ಪುಟ ನೋಡಿ ಬರೆಯಿರಿ. ಎರಡು ಫ್ಯಾನಿನ ಕಾರ್ಡ್ 240 ಮಿ.ಮೀ. ಇದ್ದರೆ ಕ್ಯಾಬಿನೆಟ್ಟಿನಲ್ಲಿ ಮುಂದಿನ ಫ್ಯಾನಿನ ಜಾಗವೂ ಸೇರಿ 270 ಸಿಗಬೇಕು. ಕೂಲರ್ ಜೊತೆಗೆ ಬಂದದ್ದೇ, ಎತ್ತರದ ಚಿಂತೆ ಇಲ್ಲ. ವ್ಯಾಟ್: 88, 165, 60 ಕೂಡಿ 313, ಒಂದೂವರೆ ಪಟ್ಟು ಸುಮಾರು 470, ಮುಂದಿನ ಅಳತೆ 550. ಎಎಮ್‌ಡಿ ಈ ಕಾರ್ಡಿಗೆ ಸೂಚಿಸುವುದೂ 550 ವ್ಯಾಟೇ. ಕನೆಕ್ಟರಿನ ಸಾಲನ್ನು ನೀವು ಕೊಳ್ಳುವ ಕಾರ್ಡಿನ ವಿವರ ನೋಡಿ ತುಂಬಿ. ಎರಡು ವರ್ಷದ ಮೇಲೆ 263 ವ್ಯಾಟಿನ ಆರ್‌ಎಕ್ಸ್ 7800 ಎಕ್ಸ್‌ಟಿಯಂಥ ಕಾರ್ಡಿಗೆ ಹೋಗುವ ಮನಸ್ಸಿದ್ದರೆ ಅದೇ ಲೆಕ್ಕ 617ಕ್ಕೆ ಏರುತ್ತದೆ, ಸೂಚನೆ 700 ವ್ಯಾಟ್. ಆಗ 750ರ ಎಸ್‌ಎಂಪಿಎಸ್ಸನ್ನು ಇವತ್ತೇ ಕೊಳ್ಳುವುದು ಎರಡು ಸಲ ಕೊಳ್ಳುವುದಕ್ಕಿಂತ ಅಗ್ಗ.

ಬಳಸಿದ ಭಾಗ ಕೊಳ್ಳುವುದಾದರೆ ಪ್ರೊಸೆಸರ್, ರ‍್ಯಾಮ್ ಸಾಮಾನ್ಯವಾಗಿ ಸುರಕ್ಷಿತ. ಗ್ರಾಫಿಕ್ಸ್ ಕಾರ್ಡನ್ನು ಅರ್ಧ ಗಂಟೆ ಹೊರೆ ಕೊಟ್ಟು ನೋಡಿಯೇ ತೆಗೆದುಕೊಳ್ಳಿ. ಎಸ್‌ಎಂಪಿಎಸ್, ಹಾರ್ಡ್ ಡಿಸ್ಕ್ ಬಳಸಿದ್ದು ಬೇಡ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿರುವುದರಿಂದ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇರಬೇಕು: ಇಂಟೆಲ್‌ನಲ್ಲಿ 8ನೇ ಪೀಳಿಗೆ, ರೈಜೆನ್‌ನಲ್ಲಿ 2000 ಸರಣಿ (2200ಜಿ, 2400ಜಿ ಬಿಟ್ಟು), ಅಲ್ಲಿಂದ ಈಚಿನವು. ಲಿನಕ್ಸ್ ಹಾಕುವವರಿಗೆ ಈ ಅಡ್ಡಿ ಇಲ್ಲ.

ತಂದ ದಿನವೇ ಪರೀಕ್ಷಿಸಿ

ಎಲ್ಲ ಭಾಗಗಳನ್ನೂ ಒಂದೇ ವಾರದಲ್ಲಿ ಕೊಳ್ಳಿ. ತಿಂಗಳಿಗೊಂದು ಕೊಂಡರೆ ಮೊದಲ ಭಾಗದ ದೋಷ ಗೊತ್ತಾಗುವ ಹೊತ್ತಿಗೆ ಬದಲಿಸಿಕೊಡುವ ಅವಧಿ ಮುಗಿದಿರುತ್ತದೆ. ಕ್ಯಾಬಿನೆಟ್ಟಿಗೆ ಹಾಕುವ ಮೊದಲು ಹೊರಗೇ ಓಡಿಸಿ ನೋಡಿ.

1. ಬೋರ್ಡನ್ನು ಅದು ಬಂದ ರಟ್ಟಿನ ಡಬ್ಬದ ಮೇಲಿಡಿ. ಸಾಕೆಟ್ಟಿನ ಪಿನ್ನುಗಳ ಮೇಲೆ ಬೆಳಕು ಹಾಯಿಸಿ, ಬಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಫೋಟೊ ತೆಗೆಯಿರಿ.
2. ಪ್ರೊಸೆಸರಿನ ಮೂಲೆಯ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ಒತ್ತದೆ ಇಳಿಸಿ. ಸಾಕೆಟ್ಟಿನ ಲಿವರ್ ಹಾಕುವಾಗ ಬಿಗಿ ಅನಿಸುವುದು ಸಹಜ.
3. ರ‍್ಯಾಮನ್ನು ಎರಡೂ ತುದಿ ಟಕ್ ಎನ್ನುವ ತನಕ ಒತ್ತಿ. ಎಂ.2 ಡ್ರೈವ್ ಕೂರಿಸಿ.
4. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕೀಳಿ. ಶಾಖ ದಾಟಿಸುವ ಪೇಸ್ಟ್ ಮೊದಲೇ ಸವರಿಲ್ಲದಿದ್ದರೆ ಬಟಾಣಿ ಕಾಳಿನಷ್ಟು ಹಾಕಿ. ಸ್ಕ್ರೂಗಳನ್ನು ಓರೆಯಾಗಿ ಎದುರುಬದುರು, ಸ್ವಲ್ಪಸ್ವಲ್ಪವೇ ಬಿಗಿ ಮಾಡಿ.
5. 24 ಪಿನ್, ಪ್ರೊಸೆಸರಿನ ಎಂಟು ಪಿನ್ ಕೊಟ್ಟು, ಮಾನಿಟರ್ ಜೋಡಿಸಿ (ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡನ್ನೂ ಹಾಕಿ), ಪವರ್ ಎಂದು ಬರೆದ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ.

ಡಿಡಿಆರ್5 ಇರುವ ಹೊಸ ಬೋರ್ಡ್ ಮೊದಲ ಸಲ ರ‍್ಯಾಮನ್ನು ಅಳೆದು ಹೊಂದಿಸಿಕೊಳ್ಳುವಾಗ ಹಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಗಾಬರಿಯಾಗಿ ಪವರ್ ತೆಗೆಯಬೇಡಿ, ಹತ್ತು ನಿಮಿಷ ಕಾಯಿರಿ. ಆಮೇಲೂ ಬಾರದಿದ್ದರೆ ಬೋರ್ಡಿನ ನಾಲ್ಕು ಪುಟ್ಟ ದೀಪಗಳಲ್ಲಿ ಯಾವುದು ಉರಿದು ನಿಂತಿದೆ ನೋಡಿ. ಸಿಪಿಯು ದೀಪವಾದರೆ ಎಂಟು ಪಿನ್ ಕೇಬಲ್ ಅಥವಾ ಬಯಾಸ್. ಡಿರ‍್ಯಾಮ್ ದೀಪವಾದರೆ ರ‍್ಯಾಮ್ ಪೂರ್ತಿ ಕೂತಿಲ್ಲ, ಒಂದೇ ಕಡ್ಡಿ ಹಾಕಿ ನೋಡಿ. ವಿಜಿಎ ಆದರೆ ಕಾರ್ಡಿನ ಪವರ್ ಕೇಬಲ್. ಬೂಟ್ ದೀಪ ಉರಿದರೆ ಸಂತೋಷಪಡಿ, ಡ್ರೈವಿನಲ್ಲಿ ಇನ್ನೂ ಆಪರೇಟಿಂಗ್ ಸಿಸ್ಟಂ ಇಲ್ಲ ಅಷ್ಟೇ. ಕಾರ್ಡ್ ಹಾಕಿದ ಮೇಲೆ ಮಾನಿಟರಿನ ಕೇಬಲ್ ಕಾರ್ಡಿಗೇ ಸಿಕ್ಕಿಸಬೇಕು, ಬೋರ್ಡಿಗಲ್ಲ.

ಕ್ಯಾಬಿನೆಟ್ಟಿಗೆ ಇಳಿಸುವಾಗ ಬೋರ್ಡಿನ ತೂತು ಇರುವ ಕಡೆ ಮಾತ್ರ ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಗಿಡ್ಡ ಕಂಬ) ಇರಲಿ. ತೂತಿಲ್ಲದ ಕಡೆ ಒಂದು ಉಳಿದರೂ ಬೋರ್ಡಿನ ಹಿಂಬದಿಗೆ ತಾಗಿ ಶಾರ್ಟ್ ಆಗಬಹುದು. ಹಿಂದಿನ ಐಒ ಪಟ್ಟಿ (ಪೋರ್ಟುಗಳ ಸುತ್ತ ಕೂರುವ ಲೋಹದ ತಗಡು) ಬಿಡಿಯಾಗಿ ಬಂದಿದ್ದರೆ ಬೋರ್ಡಿಗಿಂತ ಮೊದಲು ಅದನ್ನು ಕೂರಿಸಿ, ಮರೆತರೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಬಯಾಸ್ ಹೊಸದು ಮಾಡಿ, ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಚಾಲೂ ಮಾಡಿ, ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಸಾಫ್ಟ್‌ವೇರ್ ಓಡಿಸಿ. ಒಂದೇ ದೋಷ ಬಂದರೂ ರ‍್ಯಾಮ್ ವೇಗ ಒಂದು ಮೆಟ್ಟಿಲು ಇಳಿಸಿ ಮತ್ತೆ ನೋಡಿ. ಮೂಲ ವೇಗದಲ್ಲೂ ದೋಷ ಬಂದರೆ ಆ ಜೋಡಿಯನ್ನು ಬದಲಿಸಿಕೊಳ್ಳಿ. ಬದಲಿಸುವ ಅವಧಿ ಮುಗಿಯುವ ತನಕ ಒಂದು ಡಬ್ಬವನ್ನೂ ಎಸೆಯಬೇಡಿ. ಕೇಬಲ್ ಬಿಡಿಸಿ ತೆಗೆಯಬಹುದಾದ (ಮಾಡ್ಯುಲರ್) ಎಸ್‌ಎಂಪಿಎಸ್‌ನ ಉಳಿದ ಕೇಬಲ್ಲುಗಳನ್ನು ಒಂದು ಚೀಲಕ್ಕೆ ಹಾಕಿ, ಎಸ್‌ಎಂಪಿಎಸ್‌ನ ಮಾದರಿ ಹೆಸರನ್ನು ಅದರ ಮೇಲೆ ಬರೆದು, ಹೊಂದಾಣಿಕೆ ಚೀಟಿಯನ್ನೂ ಅದರೊಳಗೇ ಇಡಿ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು. ಮುಂದೊಂದು ದಿನ ಹೊಸ ಡ್ರೈವಿಗೆ ಅಂಥ ಕೇಬಲ್ ಕೊಟ್ಟರೆ ಡ್ರೈವ್ ಸುಟ್ಟು, ಅದರಲ್ಲಿದ್ದ ಫೈಲುಗಳೂ ಹೋಗುತ್ತವೆ.